ಮಗುವಿನ ಮೊದಲ ಅಂಗಳ: ಶಿಶುಶಾಲೆಯ ಆಯ್ಕೆ

(ದತ್ತಿ ಉಪನ್ಯಾಸದ ಮುದ್ರಿತ ಪಠ್ಯ)

1. ಹೆಸರು ಹಲವು, ಕೆಲಸ ಒಂದು

ಒಂದನೇ ತರಗತಿಗೆ ಮೊದಲು ಮಗು ಹೋಗುವ ಜಾಗಕ್ಕೆ ಕರ್ನಾಟಕದಲ್ಲಿ ಹಲವು ಹೆಸರುಗಳಿವೆ. ಹಳ್ಳಿಯಲ್ಲಿ ಅದು ಅಂಗನವಾಡಿ. ಹಿಂದಿನ ತಲೆಮಾರಿನವರ ಬಾಯಲ್ಲಿ ಬಾಲವಾಡಿ, ಶಿಶುವಿಹಾರ. ಪಟ್ಟಣದಲ್ಲಿ ನರ್ಸರಿ, ಪ್ಲೇಹೋಂ, ಮಾಂಟೆಸರಿ. ಖಾಸಗಿ ಶಾಲೆಗೆ ಹೊಂದಿಕೊಂಡಿದ್ದರೆ ಎಲ್‌ಕೆಜಿ, ಯುಕೆಜಿ. ಈಚೆಗೆ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲೂ ಇನ್ನು ಕೆಲವು ಸರ್ಕಾರಿ ಶಾಲೆಗಳಲ್ಲೂ ಪೂರ್ವ ಪ್ರಾಥಮಿಕ ತರಗತಿಗಳು ನಡೆಯುತ್ತಿವೆ. ಅಂಗನವಾಡಿಗೆ ಶುಲ್ಕವೇ ಇಲ್ಲ. ನಗರದ ಕೆಲವು ಶಾಲೆಗಳಲ್ಲಿ ವರ್ಷದ ಶುಲ್ಕ ಲಕ್ಷ ರೂಪಾಯಿ ದಾಟುತ್ತದೆ. ಮಾಡಬೇಕಾದ ಕೆಲಸ ಮಾತ್ರ ಎಲ್ಲ ಕಡೆಯೂ ಒಂದೇ. ಮೂರರಿಂದ ಆರು ವರ್ಷದ ಮಗುವಿನ ಮೈ, ಮಾತು, ಬುದ್ಧಿ, ಒಡನಾಟ ಒಟ್ಟೊಟ್ಟಿಗೆ ಬೆಳೆಯಲು ಅನುವು ಮಾಡಿಕೊಡುವುದು ಆ ಕೆಲಸ.

ಆಯ್ಕೆಗೆ ನಿಂತ ತಂದೆತಾಯಿಗೆ ಮೊದಲು ಕಣ್ಣಿಗೆ ಬೀಳುವುದು ಬೋರ್ಡು, ಕಟ್ಟಡ, ಶುಲ್ಕ, ಯೂನಿಫಾರಂ. ಗುಣಮಟ್ಟ ಇರುವ ಜಾಗ ಬೇರೆ. ಮಗು ಏನಾದರೂ ಹೇಳಿದಾಗ ಅಲ್ಲಿನ ದೊಡ್ಡವರು ಏನು ಉತ್ತರ ಕೊಡುತ್ತಾರೆ ಎಂಬುದರಲ್ಲಿ ಅದು ಇರುತ್ತದೆ. ಕಟ್ಟಡ, ಸಾಮಗ್ರಿ, ಮಕ್ಕಳ ಸಂಖ್ಯೆ ಎಲ್ಲವೂ ಆ ಉತ್ತರಕ್ಕೆ ಅವಕಾಶ ಮಾಡಿಕೊಡುತ್ತವೆ ಅಥವಾ ಅಡ್ಡ ಬರುತ್ತವೆ. ಅವುಗಳ ಬೆಲೆಯನ್ನು ಕಟ್ಟಬೇಕಾದುದೂ ಆ ಲೆಕ್ಕದಿಂದಲೇ.

2. ಅಂಗಳದ ಹಿನ್ನೆಲೆ

ಚಿಕ್ಕ ಮಕ್ಕಳಿಗೆ ಆಟವೇ ಪಾಠ ಎಂಬ ಮಾತಿಗೆ ಶಾಲೆಯ ರೂಪ ಕೊಟ್ಟವನು ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್. 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಅವನು ಆರಂಭಿಸಿದ ಸಂಸ್ಥೆಗೆ 1840ರಲ್ಲಿ ‘ಕಿಂಡರ್‌ಗಾರ್ಟನ್’, ಅಂದರೆ ಮಕ್ಕಳ ತೋಟ, ಎಂಬ ಹೆಸರು ಬಂತು. ಎಲ್‌ಕೆಜಿ, ಯುಕೆಜಿಗಳಲ್ಲಿ ಉಳಿದಿರುವ ‘ಕೆಜಿ’ ಇದೇ. ವೈದ್ಯೆಯಾಗಿದ್ದ ಮರಿಯಾ ಮಾಂಟೆಸರಿ 1907ರ ಜನವರಿ 6ರಂದು ರೋಮ್ ನಗರದ ಬಡವರ ಬಡಾವಣೆಯಾದ ಸಾನ್ ಲೊರೆಂಜೊದಲ್ಲಿ ತಮ್ಮ ಮೊದಲ ಮಕ್ಕಳ ಮನೆಯನ್ನು ತೆರೆದರು. 1939ರಲ್ಲಿ ಭಾರತಕ್ಕೆ ಬಂದು ಮದ್ರಾಸಿನ ಅಡ್ಯಾರಿನಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟರು.

ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ನಡೆಸತೊಡಗಿದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಎಂಬ ಊರಿಗೆ ಹೋಗಿ ಅನುತಾಯಿ ವಾಘ್ ಅವರೊಂದಿಗೆ ಕೆಲಸಕ್ಕಿಳಿದರು. ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯನ್ನೇ ಅವರ ಕೇರಿಯ ಅಂಗಳಕ್ಕೆ ಒಯ್ದರು. ಅಂಗನವಾಡಿ ಎಂಬ ಕಲ್ಪನೆ ಬೆಳೆದದ್ದು ಹೀಗೆ. ದುಬಾರಿ ಸಾಮಗ್ರಿಯ ಬದಲು ಎಲೆ, ಬೀಜ, ಕಲ್ಲು, ಜೇಡಿಮಣ್ಣು ಸಾಕು ಎಂಬುದನ್ನೂ ಅವರು ತೋರಿಸಿಕೊಟ್ಟರು. ಕರ್ನಾಟಕದಲ್ಲಿ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ನಡೆಸಿದ ಪ್ರಯೋಗಗಳು, ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮ 1938ರಲ್ಲಿ ಕಟ್ಟಿದ ಮಕ್ಕಳ ಕೂಟ ಇದೇ ಕಾಲದವು.

1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿತು. ಕರ್ನಾಟಕದ ಪಾಲಿಗೆ ಬಂದ ಮೊದಲ ಯೋಜನೆ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದ್ದು. ಅಲ್ಲಿ 100 ಅಂಗನವಾಡಿಗಳು ತೆರೆದವು. ಇಂದು ರಾಜ್ಯದಲ್ಲಿ ಅವುಗಳ ಸಂಖ್ಯೆ 65 ಸಾವಿರಕ್ಕೂ ಹೆಚ್ಚು.

3. ಕಾನೂನು ಮತ್ತು ವಯಸ್ಸು

ಸಂವಿಧಾನದ 21ಎ ವಿಧಿ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿರುವುದು 6ರಿಂದ 14 ವರ್ಷದ ಮಕ್ಕಳಿಗೆ. ಆರು ವರ್ಷದೊಳಗಿನವರ ಆರೈಕೆ ಮತ್ತು ಶಿಕ್ಷಣ 45ನೇ ವಿಧಿಯಲ್ಲಿ, ರಾಜ್ಯನೀತಿಯ ನಿರ್ದೇಶಕ ತತ್ತ್ವವಾಗಿ ಉಳಿದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಸೆಕ್ಷನ್ ಕೂಡ ಮೂರು ವರ್ಷ ದಾಟಿದವರಿಗೆ ಶಾಲಾಪೂರ್ವ ಶಿಕ್ಷಣದ ಏರ್ಪಾಡನ್ನು ಸರ್ಕಾರ ಮಾಡಬಹುದು ಎನ್ನುತ್ತದೆ, ಮಾಡಲೇಬೇಕು ಎನ್ನುವುದಿಲ್ಲ. ಆದ್ದರಿಂದಲೇ ಪ್ರಾಥಮಿಕ ಶಾಲೆಯ ಮೇಲಿರುವಷ್ಟು ಬಿಗಿಯಾದ ಹಿಡಿತ ಶಿಶುಶಾಲೆಗಳ ಮೇಲಿಲ್ಲ, ಒಳ್ಳೆಯದು ಕೆಟ್ಟದ್ದನ್ನು ನೋಡಿ ಅರಿಯುವ ಹೊರೆ ಬಹುಮಟ್ಟಿಗೆ ಪೋಷಕರ ಮೇಲೆಯೇ ಬಿದ್ದಿದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗಿನ ಐದು ವರ್ಷಗಳನ್ನು ಒಂದೇ ಬುನಾದಿ ಹಂತವೆಂದು ಎಣಿಸಿತು. ಅದಕ್ಕೆ ತಕ್ಕ ಪಠ್ಯಕ್ರಮದ ಚೌಕಟ್ಟು 2022ರ ಅಕ್ಟೋಬರ್‌ನಲ್ಲಿ ಹೊರಬಂತು. ಎರಡೂ ಹೇಳುವ ಮುಖ್ಯ ಮಾತು ಆಟದ ಮೂಲಕ ಕಲಿಕೆ. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂದು ಕರ್ನಾಟಕ ಸರ್ಕಾರ 2022ರಲ್ಲಿ ಆದೇಶಿಸಿತು. 2025–26ನೇ ಸಾಲಿಗೆ ಮಾತ್ರ, ಯುಕೆಜಿ ಮುಗಿಸಿದವರಿಗೆ, 5 ವರ್ಷ 5 ತಿಂಗಳಿಗೆ ಸಡಿಲಿಸಿತು. ಈ ಲೆಕ್ಕವನ್ನು ಹಿಂದಕ್ಕೆ ಹಾಕಿದರೆ ಎಲ್‌ಕೆಜಿಗೆ ನಾಲ್ಕು, ಯುಕೆಜಿಗೆ ಐದು ತುಂಬಿರಬೇಕು. ಎರಡೂವರೆ ವರ್ಷಕ್ಕೇ ಅವಸರಪಟ್ಟು ಸೇರಿಸಿದ ಮಗು ಕೊನೆಗೆ ಯುಕೆಜಿಯಲ್ಲಿ ಇನ್ನೊಂದು ವರ್ಷ ಕೂರಬೇಕಾದೀತು.

4. ಈ ವಯಸ್ಸಿನ ಕಲಿಕೆ

ಮೂರು ವರ್ಷದ ಮಗುವಿನ ಮಣಿಕಟ್ಟಿನ ಎಲುಬುಗಳು ಇನ್ನೂ ಬೆಳೆಯುತ್ತಿರುತ್ತವೆ. ಬಳಪವನ್ನು ಅದು ಮುಷ್ಟಿಯಲ್ಲಿ ಹಿಡಿಯುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಕೂಡಿ ಪೆನ್ಸಿಲ್ ಆಡಿಸುವ ಹಿಡಿತ ಹೆಚ್ಚಿನ ಮಕ್ಕಳಿಗೆ ಕೂಡಿಬರುವುದು ಐದಾರು ವರ್ಷದ ಹೊತ್ತಿಗೆ. ಅಕ್ಷರ ತಿದ್ದಿ ತಿದ್ದಿ ಬರುವ ಹಿಡಿತವಲ್ಲ ಅದು. ನೆನೆದ ಅವರೆಕಾಳನ್ನು ಎರಡು ಬೆರಳ ನಡುವೆ ಹಿದುಕಿದರೆ ಬೇಳೆ ಚಿಮ್ಮಿ ಬಟ್ಟಲಿಗೆ ಬೀಳುತ್ತದೆ. ಅವೇ ಎರಡು ಬೆರಳು, ಅಳತೆಯರಿತ ಅದೇ ಒತ್ತಡ ಮುಂದೆ ಪೆನ್ಸಿಲಿಗೂ ಬೇಕು. ಹಿಟ್ಟು ನಾದುವುದು, ಮಣಿ ಪೋಣಿಸುವುದು, ಕಾಗದ ಹರಿದು ಅಂಟಿಸುವುದು, ಗುಂಡಿ ಹಾಕಿಕೊಳ್ಳುವುದು ಇವೆಲ್ಲ ಬರವಣಿಗೆಯ ತಯಾರಿ.

ಲೆಕ್ಕದ ಮಾತೂ ಹೀಗೆಯೇ. ಒಂದರಿಂದ ನೂರರವರೆಗೆ ಗಿಳಿಪಾಠ ಒಪ್ಪಿಸುವ ಮಗುವಿನ ಮುಂದೆ ಏಳು ಹುಣಸೆ ಬೀಜ ಇಟ್ಟು ಎಣಿಸಲು ಹೇಳಿದರೆ ಒಂದೇ ಬೀಜವನ್ನು ಎರಡು ಸಲ ಮುಟ್ಟುವುದುಂಟು. ಅಳಗುಳಿಮಣೆಯ ಗುಳಿಗೊಂದರಂತೆ ಬೀಜ ಹಾಕುತ್ತ ಹೋದ ಮಗುವಿಗೆ ಒಂದು ವಸ್ತುವಿಗೆ ಒಂದು ಸಂಖ್ಯೆ ಎಂಬುದು ಬೆರಳಿನಿಂದಲೇ ತಲೆಗೆ ಹತ್ತುತ್ತದೆ. ಸಂಖ್ಯೆಯ ಹೆಸರು ಬಲ್ಲದ್ದು ಬೇರೆ, ಸಂಖ್ಯೆಯನ್ನು ಬಲ್ಲದ್ದು ಬೇರೆ.

ಮೈಯ ಅಗತ್ಯವೂ ದೊಡ್ಡದು. ಮೂರು–ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಓಡಾಡಿಕೊಂಡು ಆಡಬೇಕು, ಹಗಲಿನ ನಿದ್ದೆಯೂ ಸೇರಿ 10ರಿಂದ 13 ಗಂಟೆ ಮಲಗಬೇಕು, ಪರದೆ ನೋಡುವುದು ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ಮಾಡಿದೆ. ಟಿವಿ ಹಾಕಿ ಮಕ್ಕಳನ್ನು ಕೂರಿಸುವ ತರಗತಿ ಈ ಲೆಕ್ಕದಲ್ಲಿ ಎರಡು ಕಡೆ ಸೋಲುತ್ತದೆ: ಪರದೆಯ ಹೊತ್ತು ಹೆಚ್ಚುತ್ತದೆ, ಓಟದ ಹೊತ್ತು ಕಡಿಮೆಯಾಗುತ್ತದೆ.

5. ಎಣಿಸಿ ನೋಡಬಹುದಾದ ಗುಣ

2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿ ಕೆಲವು ಕನಿಷ್ಠ ಅಳತೆಗಳನ್ನು ಹೇಳಿದೆ. 3ರಿಂದ 6 ವರ್ಷದ 20 ಮಕ್ಕಳಿಗೆ ಒಬ್ಬ ದೊಡ್ಡವರು. ಮೂರು ವರ್ಷದೊಳಗಿನವರಾದರೆ 10 ಮಕ್ಕಳಿಗೆ ಒಬ್ಬರು. 30 ಮಕ್ಕಳಿಗೆ ಕನಿಷ್ಠ 35 ಚದರ ಮೀಟರ್ ಕೋಣೆ, 30 ಚದರ ಮೀಟರ್ ಬಯಲು. ದಿನಕ್ಕೆ ಮೂರರಿಂದ ನಾಲ್ಕು ಗಂಟೆಯ ಕಾರ್ಯಕ್ರಮ. ಕುಡಿಯಲು ಶುದ್ಧ ನೀರು, ಮಕ್ಕಳಿಗೆ ಹೊಂದುವ ಶೌಚಾಲಯ, ಕೈ ತೊಳೆಯುವ ಜಾಗ, ಅಡುಗೆಗೆ ಮತ್ತು ಮಲಗಲು ಪ್ರತ್ಯೇಕ ಸ್ಥಳ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಯಾವ ಹೊತ್ತಿನಲ್ಲೂ ಮಕ್ಕಳು ದೊಡ್ಡವರಿಲ್ಲದೆ ಇರಕೂಡದು.

ಈ ಅಳತೆಗಳಲ್ಲಿ ಹೆಚ್ಚು ತೂಕದ್ದು ಮೊದಲನೆಯದು. ನಲವತ್ತು ಮಕ್ಕಳ ನಡುವೆ ನಿಂತ ಶಿಕ್ಷಕಿ ಎಷ್ಟೇ ಒಳ್ಳೆಯವಳಾದರೂ ಅವಳ ಮಾತು ‘ಕೂತ್ಕೊಳ್ಳಿ’, ‘ಸುಮ್ನಿರಿ’, ‘ಸಾಲಾಗಿ ಬನ್ನಿ’ ಎಂಬಷ್ಟಕ್ಕೆ ಇಳಿಯುತ್ತದೆ. ಶಾಲೆಯವರು ಹೇಳುವ ಅನುಪಾತದಲ್ಲಿ ಆಯಾ, ಆಫೀಸಿನವರು, ವಾರಕ್ಕೊಮ್ಮೆ ಬರುವ ನೃತ್ಯದ ಟೀಚರ್ ಎಲ್ಲ ಸೇರಿರಬಹುದು. ಆದ್ದರಿಂದ ಕೇಳುವುದಕ್ಕಿಂತ ಬಾಗಿಲಲ್ಲಿ ನಿಂತು ತಲೆ ಎಣಿಸುವುದು ಮೇಲು.

ಎರಡನೆಯದು ಶಿಕ್ಷಕಿಯರ ತರಬೇತಿ ಮತ್ತು ಅವರು ಅಲ್ಲಿ ಎಷ್ಟು ವರ್ಷದಿಂದ ಇದ್ದಾರೆ ಎಂಬುದು. ಚಿಕ್ಕ ಮಗು ಕಲಿಯುವುದು ತನಗೆ ಪರಿಚಿತವಾದ ಮುಖದಿಂದ. ವರ್ಷದ ನಡುವೆ ಎರಡು ಮೂರು ಸಲ ಟೀಚರ್ ಬದಲಾಗುವ ಕಡೆ ಮಗು ಪ್ರತಿಸಲವೂ ಹೊಸದಾಗಿ ನಂಬಿಕೆ ಕಟ್ಟಿಕೊಳ್ಳಬೇಕಾಗುತ್ತದೆ. ‘ಕಳೆದ ವರ್ಷ ಈ ತರಗತಿಗೆ ಯಾರಿದ್ದರು, ಈಗ ಎಲ್ಲಿದ್ದಾರೆ’ ಎಂಬ ಪ್ರಶ್ನೆಗೆ ಬರುವ ಉತ್ತರದಿಂದ ಸಂಸ್ಥೆ ತನ್ನ ಶಿಕ್ಷಕಿಯರನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದೂ ತಿಳಿಯುತ್ತದೆ.

6. ಎಣಿಕೆಗೆ ಸಿಗದ ಗುಣ

ಜೂನ್ ತಿಂಗಳ ಒಂದು ಬೆಳಿಗ್ಗೆ. ನಾಲ್ಕು ವರ್ಷದ ಮಗು ಅಂಗೈಯಲ್ಲಿ ಬಸವನಹುಳು ಹಿಡಿದು ತಂದು ತೋರಿಸುತ್ತದೆ. ಒಂದು ಶಾಲೆಯಲ್ಲಿ ಉತ್ತರ ಹೀಗೆ: ‘ಛೀ, ಬಿಸಾಡು, ಕೈ ತೊಳ್ಕೊಂಡು ಕೂತ್ಕೋ.’ ಇನ್ನೊಂದರಲ್ಲಿ ಹೀಗೆ:

‘ಅರೆ, ಎಲ್ಲಿ ಸಿಕ್ತು ಇದು?’
‘ತೊಟ್ಟಿ ಹತ್ರ, ಮಿಸ್.’
‘ಇದರ ಕಣ್ಣೆಲ್ಲಿದೆ ನೋಡು.’
‘ಕೊಂಬಲ್ಲಿ!’
‘ಮುಟ್ಟಿದ್ರೆ ಏನ್ ಮಾಡತ್ತೆ?’
‘ಒಳಗೆ ಹೋಗ್ಬಿಡತ್ತೆ. ಹೆದ್ರಿಕೆ ಅದಕ್ಕೆ.’
‘ಹಾಗಾದ್ರೆ ಎಲ್ಲಿ ಬಿಟ್ರೆ ಹೆದ್ರಲ್ಲ?’

ಕೈ ತೊಳೆಯುವುದು ಎರಡು ಕಡೆಯೂ ಆಗುತ್ತದೆ. ಎರಡನೆಯ ಕಡೆ ಅದಕ್ಕೆ ಮೊದಲು ಒಂದು ನಿಮಿಷ ಮಾತು ನಡೆದಿದೆ. ಆ ನಿಮಿಷದಲ್ಲಿ ಮಗು ನೋಡಿದ್ದನ್ನು ಹೇಳಿತು, ಹೇಳಿದ್ದಕ್ಕೆ ಕಾರಣ ಕೊಟ್ಟಿತು, ಇನ್ನೊಂದು ಜೀವಕ್ಕೆ ಹೇಗನ್ನಿಸೀತೆಂದು ಊಹಿಸಿತು. ಭಾಷೆ, ವಿಜ್ಞಾನ, ನೀತಿ ಎಂದು ಮುಂದೆ ಬೇರೆ ಬೇರೆ ಪೀರಿಯಡ್‌ಗಳಲ್ಲಿ ಬರುವುದೆಲ್ಲ ಇಲ್ಲಿ ಒಂದೇ ಅಂಗೈಯಲ್ಲಿತ್ತು. ಶಿಕ್ಷಕಿ ಪಾಠ ಹೇಳಲಿಲ್ಲ; ಮಗುವಿನ ಮಾತಿಗೆ ಮಾತು ಸೇರಿಸಿದಳು. ಶಿಶುಶಿಕ್ಷಣದ ಗುಣಮಟ್ಟವೆಂದರೆ ದಿನವಿಡೀ ಹೀಗೆ ಎಷ್ಟು ಮಾತುಕತೆ ನಡೆಯುತ್ತದೆ, ಅದು ಎಷ್ಟು ಮಕ್ಕಳಿಗೆ ಸಿಗುತ್ತದೆ ಎಂಬುದು.

ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ 1962ರಲ್ಲಿ ಆರಂಭವಾದ ಪೆರಿ ಶಾಲಾಪೂರ್ವ ಅಧ್ಯಯನ ಈ ಕ್ಷೇತ್ರದಲ್ಲಿ ಪ್ರಸಿದ್ಧ. ಬಡ ಕಪ್ಪು ಕುಟುಂಬಗಳ 123 ಮಕ್ಕಳಲ್ಲಿ 58 ಮಂದಿಗೆ ಒಳ್ಳೆಯ ಶಿಶುಶಾಲೆ ದೊರೆಯಿತು, 65 ಮಂದಿಗೆ ಇಲ್ಲ. ಅವರಿಗೆ 40 ವರ್ಷ ಆಗುವವರೆಗೆ ಜಾಡು ಹಿಡಿದು ನೋಡಿದಾಗ ಮೊದಲ ಗುಂಪಿನಲ್ಲಿ ಹೈಸ್ಕೂಲು ಮುಗಿಸಿದವರು ಹೆಚ್ಚು, ಗಳಿಕೆ ಹೆಚ್ಚು, ಬಂಧನಕ್ಕೆ ಒಳಗಾದವರು ಕಡಿಮೆ ಎಂದು ಕಂಡುಬಂತು. ಆ ಶಾಲೆಯಲ್ಲಿ ಮಕ್ಕಳೇ ಏನು ಮಾಡಬೇಕೆಂದು ಯೋಚಿಸಿ, ಮಾಡಿ, ಮಾಡಿದ್ದರ ಬಗ್ಗೆ ಮಾತಾಡುತ್ತಿದ್ದರು. ಶಿಕ್ಷಕಿಯರು ವಾರಕ್ಕೊಮ್ಮೆ ಮಗುವಿನ ಮನೆಗೂ ಹೋಗುತ್ತಿದ್ದರು.

7. ನೋಡಲು ಹೋಗುವ ದಿನ

ಶಾಲೆಯನ್ನು ನೋಡಬೇಕಾದುದು ಪ್ರವೇಶ ಮೇಳದ ದಿನವಲ್ಲ, ವಾರ್ಷಿಕೋತ್ಸವದ ದಿನವಂತೂ ಅಲ್ಲ. ಸಾಮಾನ್ಯ ದಿನವೊಂದರ ಎರಡು ಹೊತ್ತು ಸಾಕು: ಬೆಳಿಗ್ಗೆ ಚಟುವಟಿಕೆ ನಡೆಯುವಾಗ ಒಂದರ್ಧ ಗಂಟೆ, ಊಟದ ಹೊತ್ತು ಒಂದರ್ಧ ಗಂಟೆ.

ಮೊದಲು ಕಿವಿ. ಹೊರಗೆ ಕೇಳುವುದು ದೊಡ್ಡವರ ಒಂದೇ ದನಿಯೋ, ಮಕ್ಕಳ ಗದ್ದಲವೋ? ಪೂರ್ಣ ಮೌನ ಶಿಸ್ತಿನ ಗುರುತೆಂದು ಹಲವರು ಮೆಚ್ಚುತ್ತಾರೆ. ನಾಲ್ಕು ವರ್ಷದ ಇಪ್ಪತ್ತು ಮಕ್ಕಳು ಸದ್ದಿಲ್ಲದೆ ಕೂತಿದ್ದರೆ ಅದರ ಹಿಂದೆ ಸಾಮಾನ್ಯವಾಗಿ ಹೆದರಿಕೆ ಇರುತ್ತದೆ. ಆಮೇಲೆ ಗೋಡೆ. ಫ್ಲೆಕ್ಸ್ ಅಂಗಡಿಯಲ್ಲಿ ಮುದ್ರಿಸಿದ ಹಣ್ಣು ತರಕಾರಿಯ ಚಿತ್ರ ಇದೆಯೋ, ಮಕ್ಕಳೇ ಗೀಚಿದ್ದು ಇದೆಯೋ? ಮಕ್ಕಳದ್ದಾದರೆ ಮೂವತ್ತೂ ಒಂದೇ ಅಚ್ಚಿನ ಕೆಂಪು ಸೇಬುಗಳೋ, ಒಂದರಂತೆ ಒಂದಿಲ್ಲದ ಮೂವತ್ತು ಚಿತ್ರಗಳೋ? ಅವನ್ನು ಮಗುವಿನ ಕಣ್ಣಿನ ಎತ್ತರಕ್ಕೆ ಅಂಟಿಸಿದ್ದರೆ ಮಕ್ಕಳಿಗಾಗಿ. ದೊಡ್ಡವರ ಎತ್ತರಕ್ಕಿದ್ದರೆ ಬಂದವರಿಗಾಗಿ. ಆಟದ ಸಾಮಾನಿನ ಗುರುತು ಸವೆತ. ಬೀಗ ಹಾಕಿದ ಗಾಜಿನ ಬೀರುವಿನಲ್ಲಿ ಹೊಳೆಯುವ ಆಟಿಕೆಗಿಂತ ಮೂಲೆ ಸವೆದ ಮರದ ತುಂಡು ಹೆಚ್ಚು ಸತ್ಯ ಹೇಳುತ್ತದೆ.

ಶೌಚಾಲಯವನ್ನು ನೋಡದೆ ಬರಬಾರದು. ಚಿಲಕ ಎಲ್ಲಿದೆ, ನೀರು ಮಗುವಿನ ಕೈಗೆ ಎಟಕುತ್ತದೆಯೇ, ನೆಲ ಜಾರುತ್ತದೆಯೇ, ಜೊತೆಗೆ ಯಾರು ಹೋಗುತ್ತಾರೆ ಎಂಬ ನಾಲ್ಕು ವಿಷಯ ಸಾಕು. ಚಡ್ಡಿ ಒದ್ದೆ ಮಾಡಿಕೊಂಡ ಮಗುವಿಗೆ ಅಲ್ಲಿನವರು ಹೇಳುವ ಮಾತನ್ನು ಕೇಳಿಸಿಕೊಂಡರೆ ಉಳಿದ ಹತ್ತು ಪ್ರಶ್ನೆ ಕೇಳುವುದು ಬೇಡವಾಗುತ್ತದೆ. ಊಟದ ಹೊತ್ತಿನಲ್ಲಿ ಅವಸರವಿದೆಯೇ, ತಾವೇ ಕಲಸಿಕೊಂಡು ಚೆಲ್ಲಿಕೊಂಡು ತಿನ್ನಲು ಬಿಡುತ್ತಾರೆಯೇ, ತಿನ್ನದ ಮಗುವಿನ ಬಾಯಿಗೆ ತುರುಕುತ್ತಾರೆಯೇ ಎಂಬುದು ಕಾಣುತ್ತದೆ.

ಸುರಕ್ಷತೆಯ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಸಂಜೆ ಮಗುವನ್ನು ಯಾರ ಕೈಗೆ ಕೊಡುತ್ತಾರೆ, ಬೇರೆಯವರು ಬಂದರೆ ಏನು ಕ್ರಮ, ವ್ಯಾನಿನಲ್ಲಿ ಚಾಲಕನ ಜೊತೆ ಮಹಿಳಾ ಸಹಾಯಕಿ ಇರುತ್ತಾಳೆಯೇ, ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಆಗಿದೆಯೇ, ಮಗು ಬಿದ್ದು ಪೆಟ್ಟಾದರೆ ಎಷ್ಟು ಹೊತ್ತಿಗೆ ಮನೆಗೆ ತಿಳಿಸುತ್ತಾರೆ? ಹೆತ್ತವರನ್ನು ಗೇಟಿನಿಂದಾಚೆಯೇ ನಿಲ್ಲಿಸಿ ತರಗತಿ ತೋರಿಸಲು ಒಪ್ಪದ ಶಾಲೆಗೆ ಸಿಸಿ ಕ್ಯಾಮೆರಾ ಇದ್ದರೂ ಅದು ಸಮಾಧಾನದ ಉತ್ತರವಲ್ಲ. ಹಿಂಸೆಯ ಸಂಶಯ ಬಂದರೆ ಮಕ್ಕಳ ಸಹಾಯವಾಣಿ 1098 ಹಗಲಿರುಳು ತೆರೆದಿರುತ್ತದೆ.

8. ಅಕ್ಷರ, ಇಂಗ್ಲಿಷ್, ಹೋಂವರ್ಕ್

ಪೋಷಕರ ಆಸೆ ಮತ್ತು ಮಗುವಿನ ಅಗತ್ಯ ಹೆಚ್ಚಾಗಿ ಡಿಕ್ಕಿ ಹೊಡೆಯುವುದು ಇಲ್ಲಿ. ಪಕ್ಕದ ಮನೆಯ ಮಗು ನಾಲ್ಕು ಪುಟ ಬರೆಯುತ್ತದೆ, ತಮ್ಮದು ಬರೀ ಆಡುತ್ತದೆ ಎಂಬ ದೂರು ಹೋದಾಗ ಒಳ್ಳೆಯ ಶಾಲೆಯೂ ನೋಟುಬುಕ್ಕು ತೆರೆಯುತ್ತದೆ. ಒತ್ತಾಯದ ಬರವಣಿಗೆಗೆ ಶಾಲೆಯಷ್ಟೇ ಮನೆಯೂ ಕಾರಣ.

ಭಾಷೆಯ ವಿಷಯದಲ್ಲಿ 2013ರ ನೀತಿಯೂ 2020ರ ನೀತಿಯೂ ಮನೆಮಾತಿನ ಪರ. ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟು 2014ರ ಮೇ 6ರಂದು ಕರ್ನಾಟಕದ ಪ್ರಕರಣದಲ್ಲೇ ತೀರ್ಪು ಕೊಟ್ಟಿದ್ದರಿಂದ ನಿರ್ಧಾರ ಹೆತ್ತವರದು. ಕಾನೂನಿನ ಪ್ರಶ್ನೆ ಅಲ್ಲಿಗೆ ಮುಗಿದರೂ ಕಲಿಕೆಯ ಪ್ರಶ್ನೆ ಮುಗಿಯುವುದಿಲ್ಲ. ಬಸವನಹುಳುವಿನ ಮಾತುಕತೆ ನಡೆಯಲು ಮಗುವಿಗೂ ಶಿಕ್ಷಕಿಗೂ ಸಮಾನವಾಗಿ ಬರುವ ಒಂದು ಮಾತು ಬೇಕು. ‘ಓನ್ಲಿ ಇಂಗ್ಲಿಷ್’ ಎಂದು ಗದರಿಸುವ ತರಗತಿಯಲ್ಲಿ ಮಗು ಇಂಗ್ಲಿಷ್ ಕಲಿಯುವ ಮೊದಲು ಸುಮ್ಮನಿರುವುದನ್ನು ಕಲಿಯುತ್ತದೆ. ಮನೆಯಲ್ಲಿ ತುಳು, ಉರ್ದು, ಕೊಂಕಣಿ, ಲಂಬಾಣಿ, ಬ್ಯಾರಿ ಆಡುವ ಮಕ್ಕಳಿಗೆ ಕನ್ನಡದ ಶಾಲೆಯಲ್ಲೂ ಇದೇ ತೊಡಕು. ಅವರ ನಾಲ್ಕು ಮಾತಾದರೂ ಬಲ್ಲವರು ಅಲ್ಲಿರುವುದು ದೊಡ್ಡ ಅನುಕೂಲ. ಇಂಗ್ಲಿಷನ್ನು ಹಾಡು, ಆಟ, ಕತೆಗಳಲ್ಲಿ ಪರಿಚಯಿಸಿ, ಮಾತಿಗೆ ಮನೆಮಾತನ್ನು ಬಿಟ್ಟುಕೊಡುವ ಶಾಲೆ ಎರಡನ್ನೂ ಉಳಿಸುತ್ತದೆ.

9. ಅಂಗನವಾಡಿಯೋ, ಖಾಸಗಿಯೋ

ಅಂಗನವಾಡಿ ಬರೀ ಶಾಲೆಯಲ್ಲ. ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಶಿಫಾರಸು, ತಾಯಂದಿರಿಗೆ ಪೋಷಣೆ ಮತ್ತು ಆರೋಗ್ಯದ ತಿಳಿವಳಿಕೆ ಎಂಬ ಆರು ಸೇವೆ ಅಲ್ಲಿ ಸೇರಿವೆ. 3ರಿಂದ 6 ವರ್ಷದ ಮಗುವಿಗೆ ದಿನವೂ ನಿಗದಿತ ಪ್ರಮಾಣದ ಪೌಷ್ಟಿಕ ಆಹಾರ 2013ರ ಆಹಾರ ಭದ್ರತಾ ಕಾಯ್ದೆಯಂತೆ ಅದರ ಹಕ್ಕು. ತಿಂಗಳಿಗೊಮ್ಮೆ ತೂಕ ನೋಡುತ್ತಾರೆ. ಕಾರ್ಯಕರ್ತೆ ಸಾಮಾನ್ಯವಾಗಿ ಅದೇ ಊರಿನವಳು, ಮಗುವಿನ ಅಜ್ಜಿಯನ್ನೂ ಬಲ್ಲವಳು. ಆಟದ ಪಾಠಕ್ಕೆ ‘ಚಿಲಿಪಿಲಿ’ ಎಂಬ ಪಠ್ಯಕ್ರಮವಿದೆ.

ಕೊರತೆ ಕಾಣುವುದು ಹೊತ್ತಿನಲ್ಲಿ. ರಿಜಿಸ್ಟರು, ಸಮೀಕ್ಷೆ, ಮನೆ ಭೇಟಿ, ಪೋಷಣ್ ಟ್ರ್ಯಾಕರ್ ಆ್ಯಪ್ ಎಲ್ಲ ಒಬ್ಬಳೇ ಕಾರ್ಯಕರ್ತೆಯ ತಲೆಯ ಮೇಲಿರುವುದರಿಂದ ಮಕ್ಕಳ ಜೊತೆ ಕೂರುವ ಗಂಟೆಗಳು ಸೋರಿಹೋಗುತ್ತವೆ. ಆದ್ದರಿಂದ ಅಂಗನವಾಡಿಯ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ: ಬೆಳಿಗ್ಗೆಯ ಎರಡು ಗಂಟೆ ನಿಜವಾಗಿ ಮಕ್ಕಳಿಗೆ ಮೀಸಲಾಗಿದೆಯೇ? ಇಲ್ಲವಾದರೆ ಪೋಷಕರೂ ಇರುವ ಬಾಲವಿಕಾಸ ಸಮಿತಿಯ ಮೂಲಕ ಸರಿಪಡಿಸಲು ದಾರಿಯಿದೆ.

ಖಾಸಗಿ ಶಾಲೆಯಲ್ಲಿ ವಯಸ್ಸಿಗೊಂದು ತರಗತಿ, ಹೆಚ್ಚು ಸಾಮಗ್ರಿ, ಬೋಧನೆಗಷ್ಟೇ ಮೀಸಲಾದ ಟೀಚರ್ ಇರುತ್ತಾರೆ. ಜೊತೆಗೆ ಒಂದನೇ ತರಗತಿಯ ಪಾಠವನ್ನು ಎರಡು ವರ್ಷ ಮುಂಚೆಯೇ ತುಂಬುವ ಆತುರವೂ ಇರುತ್ತದೆ. ‘ಮಾಂಟೆಸರಿ’ ಎಂಬ ಬೋರ್ಡನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಮಕ್ಕಳು ತಾವೇ ಸಾಮಗ್ರಿ ಆರಿಸಿ, ಬೇಕಾದಷ್ಟು ಹೊತ್ತು ಅದರಲ್ಲಿ ತೊಡಗಿ, ಮತ್ತೆ ಜಾಗದಲ್ಲಿಡುತ್ತಾರೆಯೇ ಎಂಬುದೇ ಅದಕ್ಕೆ ಪರೀಕ್ಷೆ. ಖರ್ಚಿನ ಲೆಕ್ಕದಲ್ಲಿ ಡೊನೇಷನ್, ವ್ಯಾನು, ಪುಸ್ತಕ, ಯೂನಿಫಾರಂ ಸೇರಿಸಿ ವರ್ಷದ ಮೊತ್ತ ನೋಡಬೇಕು. ದೂರದ ಹೆಸರಾಂತ ಶಾಲೆಗೆ ದಿನಕ್ಕೆ ಎರಡು ಗಂಟೆ ವ್ಯಾನಿನಲ್ಲಿ ಕಳೆಯುವ ಮಗು ಆಟದಿಂದಲೋ ನಿದ್ದೆಯಿಂದಲೋ ಆ ಹೊತ್ತನ್ನು ತೆರುತ್ತದೆ.

10. ಮೂರರೊಳಗಿನವರು, ವಿಶೇಷ ಅಗತ್ಯದವರು

ಮೂರು ವರ್ಷಕ್ಕೆ ಮೊದಲು ಬೇಕಾದುದು ಆರೈಕೆ. ಇಬ್ಬರೂ ದುಡಿಯುವ ಮನೆಗಳಿಗೆ ಶಿಶುಪಾಲನಾ ಕೇಂದ್ರ ಅನಿವಾರ್ಯ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ತಂದ ನಿಯಮದಂತೆ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಸೌಲಭ್ಯ ಒದಗಿಸಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಹೋಗಿಬರಲು ಬಿಡಬೇಕು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ರಾಜ್ಯ ಸರ್ಕಾರ ‘ಕೂಸಿನ ಮನೆ’ಗಳನ್ನು ತೆರೆದಿದೆ. ಇಲ್ಲಿ ನೋಡಬೇಕಾದ್ದು ಕಡಿಮೆ: ಮಗು ಅತ್ತಾಗ ಎಷ್ಟು ಬೇಗ ಎತ್ತಿಕೊಳ್ಳುತ್ತಾರೆ, ಎತ್ತಿಕೊಳ್ಳುವುದು ದಿನವೂ ಅದೇ ಕೈಯೇ, ಹಾಲು, ಬಟ್ಟೆ, ಹಾಸಿಗೆ ಶುಚಿಯಾಗಿವೆಯೇ.

ಮಾತು ತಡವಾದ, ಕಿವಿ ಮಂದವಾದ, ನಡೆಯಲು ಕಷ್ಟವಿರುವ ಮಗುವನ್ನು ಒಳ್ಳೆಯ ಶಾಲೆ ‘ನಮ್ಮಲ್ಲಾಗುವುದಿಲ್ಲ’ ಎಂದು ಬಾಗಿಲಿನಿಂದ ಕಳಿಸುವುದಿಲ್ಲ. ತಾನು ಏನು ಮಾಡಬಲ್ಲೆ, ಯಾವ ತಜ್ಞರ ನೆರವು ಬೇಕು ಎಂದು ಕೂತು ಮಾತಾಡುತ್ತದೆ. ಈ ಮಾತುಕತೆ ಉಳಿದ ಪೋಷಕರಿಗೂ ಒಂದು ಅಳತೆಗೋಲು: ಭಿನ್ನವಾದ ಒಂದು ಮಗುವಿಗೆ ಜಾಗ ಮಾಡಿಕೊಡುವವರು ಎಲ್ಲ ಮಕ್ಕಳನ್ನೂ ಬೇರೆ ಬೇರೆಯಾಗಿ ನೋಡಬಲ್ಲರು.

11. ಸೇರಿಸಿದ ಮೇಲೆ

ಮೊದಲ ವಾರಗಳ ಅಳು ಸಹಜ. ಕೆಲವು ದಿನ ತಾಯಿಯೋ ಅಜ್ಜನೋ ಜೊತೆಗೆ ಕೂರಲು ಬಿಟ್ಟು, ಮೊದಲು ಒಂದು ಗಂಟೆ, ಆಮೇಲೆ ಎರಡು ಗಂಟೆ ಎಂದು ಹೊತ್ತು ಹೆಚ್ಚಿಸುವ ಶಾಲೆಯಲ್ಲಿ ಮಗು ಬೇಗ ಹೊಂದಿಕೊಳ್ಳುತ್ತದೆ. ಹೇಳದೆ ಕದ್ದು ಹೊರಟುಹೋಗುವುದಕ್ಕಿಂತ ‘ಊಟ ಆದ ಮೇಲೆ ಬರ್ತೀನಿ’ ಎಂದು ಹೇಳಿ, ಹೇಳಿದ ಹೊತ್ತಿಗೆ ಬರುವುದು ಒಳ್ಳೆಯದು. ತಿಂಗಳೆರಡು ಕಳೆದರೂ ಅಳು ಇಳಿಯದೆ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಆರಂಭವಾದರೆ, ಒಬ್ಬರ ಹೆಸರೆತ್ತಿದೊಡನೆ ಮಗು ಮುದುಡಿದರೆ ಅದನ್ನು ಹಟವೆಂದು ತಳ್ಳಿಹಾಕಬಾರದು. ಶಾಲೆಗೆ ಹೋಗಿ ಮಾತಾಡಬೇಕು, ಮಾತಿಗೆ ಬೆಲೆ ಸಿಗದಿದ್ದರೆ ವರ್ಷದ ನಡುವೆಯಾದರೂ ಬಿಡಿಸಬೇಕು. ಈ ವಯಸ್ಸಿನಲ್ಲಿ ಕೈತಪ್ಪುವ ಪಾಠವನ್ನು ಆಮೇಲೆ ತುಂಬಿಕೊಳ್ಳಬಹುದು. ಕಟ್ಟಿದ ಶುಲ್ಕ ಹೋಯಿತೆಂಬ ಕಾರಣಕ್ಕೆ ಹೆದರಿದ ಮಗುವನ್ನು ಅಲ್ಲೇ ಉಳಿಸುವುದು ಹೆಚ್ಚಿನ ನಷ್ಟ.

ಹೊಂದಿಕೊಂಡ ಮಗುವಿನ ಗುರುತು ಮನೆಯಲ್ಲಿ ಕಾಣುತ್ತದೆ. ‘ಇವತ್ತು ಏನು ಬರೆಸಿದರು’ ಎಂದು ಕೇಳಿದರೆ ಮಗುವಿಗೆ ಹೇಳಲು ಹೆಚ್ಚಿರುವುದಿಲ್ಲ. ‘ಯಾರ ಜೊತೆ ಆಡಿದೆ, ಮಿಸ್ ಏನಂದರು’ ಎಂದರೆ ಬೊಂಬೆಗಳನ್ನು ಸಾಲಾಗಿ ಕೂರಿಸಿಕೊಂಡು ತಾನೇ ಮಿಸ್ ಆಗಿ ಆಡಿ ತೋರಿಸುತ್ತದೆ. ಆ ಆಟದಲ್ಲಿ ಮಿಸ್ಸಿನ ಕೈಯಲ್ಲಿ ಬೆತ್ತ ಇದೆಯೋ ಕತೆಪುಸ್ತಕ ಇದೆಯೋ ಎಂಬುದನ್ನು ಹೆತ್ತವರು ಆಗಾಗ ಗಮನಿಸುತ್ತಿರಬೇಕು.